ಸಂಜೆ ಮನೆಗೆ ತಲುಪಿಸುವ ರೈಲು

ಧಾರವಾಡ ಜಿಲ್ಲೆಯ ನಕಾಶೆ ಹರವಿಕೊಂಡು ಅದರ ಮೇಲೆ ರೈಲು ಹಳಿಗಳನ್ನಷ್ಟೇ ಗುರುತು ಹಾಕುತ್ತ ಹೋಗಿ. ಕುಂದಗೋಳಕ್ಕೆ ನಿಲ್ದಾಣವಿದೆ, ಅಣ್ಣಿಗೇರಿಗೆ ಇದೆ, ಅಳ್ನಾವರ ಜಂಕ್ಷನ್ನೇ ಆಗಿದೆ. ನವಲಗುಂದ ಪಟ್ಟಣಕ್ಕೆ ರೈಲಿಲ್ಲ. ಅಣ್ಣಿಗೇರಿ ಅದೇ ತಾಲೂಕಿನಲ್ಲಿದ್ದಷ್ಟು ಕಾಲ ತಮ್ಮ ತಾಲೂಕಿಗೂ ದೊಡ್ಡ ಸ್ಟೇಶನ್ ಒಂದಿದೆ ಎಂದು ಅಲ್ಲಿಯವರು ಹೇಳಿಕೊಳ್ಳಬಹುದಿತ್ತು. ಅಣ್ಣಿಗೇರಿ ಬೇರೆ ತಾಲೂಕಾದ ಮೇಲೆ ಅದೂ ಹೋಯಿತು. ಇನ್ನು ಕಲಘಟಗಿ ತಾಲೂಕಿನಲ್ಲಿ ಓಡುವ ರೈಲು ಒಂದೂ ಇಲ್ಲ. ಆ ತಾಲೂಕಿನ ಬಮ್ಮಿಗಟ್ಟಿಯಂಥ ಊರಿನವರು ರೈಲು ನೋಡಬೇಕೆಂದರೂ ಮೊದಲು ಬಸ್ ಹತ್ತಿ ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಬೇಕು.

ಉಪನಗರ ರೈಲಿನ ಬಗ್ಗೆ ಬರೆಯಲು ಹಳಿಯೇ ಇಲ್ಲದ ಊರಿನಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಈ ರೈಲಿನ ಮಾತು ಬಂದಾಗಲೆಲ್ಲ ನಾವು ನಗರದ ಟ್ರಾಫಿಕ್ ಬಗ್ಗೆ ಮಾತಾಡುತ್ತೇವೆ. ಆದರೆ ಅದರಿಂದ ಹೆಚ್ಚು ಬದಲಾಗುವ ಬದುಕು ನಗರದ ಹೊರಗಿನದು. ಬೆಳಿಗ್ಗೆ ಹೋಗಿ ದುಡಿದು, ಓದಿ, ದವಾಖಾನೆಯಲ್ಲಿ ತೋರಿಸಿಕೊಂಡು, ರಾತ್ರಿ ತನ್ನ ಮನೆಯಲ್ಲೇ ಉಂಡು ಮಲಗುವ ಅನುಕೂಲ ಒಂದು ಹಳ್ಳಿಗೆ ಇದೆಯೋ ಇಲ್ಲವೋ ಎಂಬುದರ ಮೇಲೆ ಆ ಹಳ್ಳಿ ಉಳಿಯುವುದೋ ಕರಗುವುದೋ ನಿಂತಿರುತ್ತದೆ. ಗೌಂಡಿ ಕೆಲಸಕ್ಕೆ ಹೋಗುವವನು ಹುಬ್ಬಳ್ಳಿಯಲ್ಲಿ ಖೋಲಿ ಹಿಡಿದರೆ ಅವನ ಕೂಲಿಯ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ. ಹೆಂಡತಿ ಮಕ್ಕಳನ್ನು ಕರೆದೊಯ್ದರೆ ಊರಿನ ಹೊಲ ಬೇರೆಯವರ ಪಾಲಾಗುತ್ತದೆ, ಮುದುಕರು ಹಿಂದೆ ಉಳಿಯುತ್ತಾರೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಈ ಹೋಗಿಬರುವ ಲೆಕ್ಕವನ್ನು ಇಂದಿಗೂ ನಿಭಾಯಿಸುತ್ತಿರುವುದು ವಸ್ತಿ ಬಸ್. ರಾತ್ರಿ ಕೊನೆಯ ಟ್ರಿಪ್ಪಿಗೆ ಊರಿಗೆ ಬಂದು, ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗಿ, ನಸುಕಿನಲ್ಲಿ ಮತ್ತೆ ಪೇಟೆಗೆ ಹೊರಡುವ ಗಾಡಿ ಅದು. ಬೆಳಗಿನ ವಸ್ತಿ ಗಾಡಿಯಲ್ಲಿ ಹಾಲಿನ ಕ್ಯಾನು, ಕಾಲೇಜಿನ ಬ್ಯಾಗು, ಬುತ್ತಿಗಂಟು, ಆಸ್ಪತ್ರೆಯ ಚೀಟಿ ಎಲ್ಲ ಒಟ್ಟಿಗೆ ಹೊರಡುತ್ತವೆ. ಸಂಜೆ ಸ್ಟ್ಯಾಂಡಿನಲ್ಲಿ ನಿಂತ ಹುಡುಗಿಗೆ ಊರ ಕಡೆಯ ಹಿರಿಯರು ಸಿಕ್ಕರೆ ಅವಳು ಕೇಳುವ ಮೊದಲ ಮಾತು, "ಕಾಕಾ, ನಮ್ಮೂರ ಗಾಡಿ ಹೋತೇನ್ರಿ?" ಎಂಬುದೇ. "ಇನ್ನೂ ಬಂದಿಲ್ಲವಾ, ಇಲ್ಲೇ ನಿಲ್ಲು, ಕೂಡಿ ಹೋಗೂಣು" ಎಂದರೆ ಅವಳಿಗೆ ಜೀವ ಬಂದಂತಾಗುತ್ತದೆ. ಕೊನೆಯ ಗಾಡಿ ತಪ್ಪಿದರೆ ಏನು ಗತಿ ಎಂಬ ಈ ಅಂಜಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಪಿಯುಸಿ ಮುಗಿಸಿದ ಹೆಣ್ಣುಮಕ್ಕಳ ಓದು ನಿಂತಿದೆ. ಉಪನಗರ ರೈಲು ಮೊದಲು ನೀಗಬೇಕಾದದ್ದು ಈ ಅಂಜಿಕೆಯನ್ನು. ಒಂದು ಗಾಡಿ ತಪ್ಪಿದರೆ ಹಿಂದೆ ಇನ್ನೊಂದು ಇದೆ ಎಂಬ ಧೈರ್ಯ ಕೊಡುವುದೇ ಅದರ ಕೆಲಸ.

ಎಕ್ಸ್‌ಪ್ರೆಸ್ ಬೇರೆ, ಲೋಕಲ್ ಬೇರೆ

ದೂರದ ಊರಿಗೆ ಹೋಗುವ ಗಾಡಿಯನ್ನೇ ಎರಡು ಕಡೆ ಹೆಚ್ಚಿಗೆ ನಿಲ್ಲಿಸಿದರೆ ಅದು ಉಪನಗರ ರೈಲಾಗುವುದಿಲ್ಲ. ಗಾಡಿಯೇ ಬೇರೆ, ಸಿಗ್ನಲ್ ಬೇರೆ, ವೇಳಾಪಟ್ಟಿ ಬರೆಯುವ ರೀತಿಯೂ ಬೇರೆ.

ಎಕ್ಸ್‌ಪ್ರೆಸ್‌ನಲ್ಲಿ ಮುಂದಿನ ಎಂಜಿನ್ ಒಂದೇ ಇಡೀ ಗಾಡಿಯನ್ನು ಎಳೆಯಬೇಕು. ನಿಂತಲ್ಲಿಂದ ವೇಗ ಹಿಡಿಯಲು ಅದಕ್ಕೆ ಹೊತ್ತು ಬೇಕು. ನೂರು ಕಿಲೋಮೀಟರ್ ನಿಲ್ಲದೆ ಹೋಗುವ ಗಾಡಿಗೆ ಅದೇನೂ ತೊಂದರೆಯಲ್ಲ. ಆದರೆ ಐದಾರು ಕಿಲೋಮೀಟರಿಗೊಮ್ಮೆ ನಿಲ್ಲಬೇಕಾದ ಗಾಡಿ ವೇಗ ಹಿಡಿಯುವಷ್ಟರಲ್ಲಿ ಮುಂದಿನ ಸ್ಟೇಶನ್ ಬಂದಿರುತ್ತದೆ. ಅದಕ್ಕಾಗಿಯೇ ಮೆಮು ಗಾಡಿಗಳು ಬಂದವು. ಇವುಗಳಲ್ಲಿ ಪ್ರತ್ಯೇಕ ಎಂಜಿನ್ ಇರುವುದಿಲ್ಲ. ಮೇಲಿನ 25,000 ವೋಲ್ಟ್ ತಂತಿಯಿಂದ ವಿದ್ಯುತ್ ತೆಗೆದುಕೊಳ್ಳುವ ಮೋಟಾರುಗಳು ಗಾಡಿಯ ಉದ್ದಕ್ಕೂ ಬೇರೆ ಬೇರೆ ಡಬ್ಬಿಗಳ ಕೆಳಗೆ ಹಂಚಿಕೆಯಾಗಿರುತ್ತವೆ. ಎಲ್ಲ ಮೋಟಾರೂ ಒಟ್ಟಿಗೆ ತಳ್ಳುವುದರಿಂದ ಗಾಡಿ ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಎರಡೂ ತುದಿಗೆ ಚಾಲಕನ ಕೋಣೆ ಇರುತ್ತದೆ. ಕೊನೆಯ ಸ್ಟೇಶನ್ನಿನಲ್ಲಿ ಎಂಜಿನ್ ಬಿಚ್ಚಿ, ಪಕ್ಕದ ಹಳಿಯಲ್ಲಿ ಸುತ್ತಿಸಿ, ಮತ್ತೆ ಇನ್ನೊಂದು ತುದಿಗೆ ಜೋಡಿಸುವ ಕೆಲಸವೇ ಇಲ್ಲ. ಚಾಲಕ ಇಳಿದು ಪ್ಲಾಟ್‌ಫಾರ್ಮ್ ಮೇಲೆ ನಡೆದು ಆ ತುದಿಗೆ ಹೋಗಿ ಕುಳಿತರೆ ಗಾಡಿ ಮರಳಲು ಸಿದ್ಧ. ತಂತಿ ಇಲ್ಲದ ಮಾರ್ಗದಲ್ಲಿ ಇದೇ ಕೆಲಸವನ್ನು ಡೀಸೆಲ್‌ನಲ್ಲಿ ಮಾಡುವ ಡೆಮು ಗಾಡಿಗಳಿವೆ.

ಸಿಗ್ನಲ್ಲಿನ ವಿಷಯ ಪ್ರಯಾಣಿಕರ ಕಣ್ಣಿಗೆ ಬೀಳುವುದಿಲ್ಲ, ಆದರೆ ದಿನಕ್ಕೆ ಎಷ್ಟು ಗಾಡಿ ಓಡಿಸಬಹುದು ಎಂಬುದು ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ನಮ್ಮ ಹೆಚ್ಚಿನ ಮಾರ್ಗಗಳಲ್ಲಿ ಎರಡು ಸ್ಟೇಶನ್ನುಗಳ ನಡುವಿನ ಹಳಿಯ ಮೇಲೆ ಒಂದು ಹೊತ್ತಿಗೆ ಒಂದೇ ಗಾಡಿಗೆ ಅವಕಾಶ. ಎಂಟು ಕಿಲೋಮೀಟರ್ ಆಚೆಗಿನ ಸ್ಟೇಶನ್ ಮುಟ್ಟಿ ಮುಂದಿನ ಗಾಡಿ ಹಳಿ ತೆರವು ಮಾಡುವ ತನಕ ಹಿಂದಿನದು ಕಾಯಲೇಬೇಕು. ಅದರಲ್ಲೂ ಮುಂದೆ ಹೋಗುತ್ತಿರುವುದು ಅದಿರು ತುಂಬಿದ ಗೂಡ್ಸ್ ಆಗಿದ್ದರೆ ಕಾಯುವ ಹೊತ್ತು ಇನ್ನೂ ಹೆಚ್ಚು. ಆಟೋಮ್ಯಾಟಿಕ್ ಸಿಗ್ನಲ್ ಹಾಕಿದ ಮಾರ್ಗದಲ್ಲಿ ಅದೇ ಅಂತರವನ್ನು ಕಿಲೋಮೀಟರಿನ ಲೆಕ್ಕದ ಸಣ್ಣ ತುಂಡುಗಳಾಗಿ ಒಡೆದಿರುತ್ತಾರೆ. ಮುಂದಿನ ಗಾಡಿ ಸ್ವಲ್ಪ ಸರಿದರೆ ಸಾಕು, ಹಿಂದಿನದಕ್ಕೆ ದಾರಿ ಸಿಗುತ್ತದೆ. ಮುಂಬೈನಲ್ಲಿ ಒಂದರ ಬೆನ್ನಿಗೆ ಒಂದು ಲೋಕಲ್ ಬರುವುದರ ಹಿಂದೆ ಈ ವ್ಯವಸ್ಥೆಯೂ, ಲೋಕಲ್ಲಿಗೇ ಮೀಸಲಾದ ಹಳಿಗಳೂ ಇವೆ.

ಮುಂಬೈಯ ಹೆಸರು ಬಂತು. ಅಲ್ಲಿ ವಿದ್ಯುತ್ ಲೋಕಲ್ ಓಡಲು ಶುರುವಾದದ್ದು 1925ರ ಫೆಬ್ರುವರಿ 3ರಂದು. ಆಗ ಧಾರವಾಡ ಜಿಲ್ಲೆಯೂ ಮುಂಬೈ ಪ್ರಾಂತದಲ್ಲೇ ಇತ್ತು. 1956ರ ತನಕ ನಮಗೆ ರಾಜಧಾನಿಯಾಗಿದ್ದ ಆ ಊರಿನ ಗಿರಣಿ, ಹೋಟೆಲು, ಕಚೇರಿಗಳಲ್ಲಿ ದುಡಿದ ಈ ಭಾಗದ ಜನಕ್ಕೆ ಲೋಕಲ್ ಎಂದರೆ ಏನೆಂದು ಬೆಂಗಳೂರಿನವರಿಗಿಂತ ಬಹಳ ಮುಂಚೆಯೇ ಗೊತ್ತಿತ್ತು.

ಕುಂದಗೋಳದ ಕೊನೆಯ ಗಾಡಿ

ನಮ್ಮ ಜಿಲ್ಲೆಯಲ್ಲಿ ಇಂಥ ಓಡಾಟ ಇರಲೇ ಇಲ್ಲವೆಂದಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ಭಾಗದಲ್ಲಿ ಮೀಟರ್ ಗೇಜ್ ಹಳಿ ಹಾಸಿತು. ಅದರ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲೇ. ಮುಂದೆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಕಚೇರಿ ಅತ್ತ ಹೋಯಿತು. ಖಾಲಿಯಾದ ಆ ಭವ್ಯ ಕಟ್ಟಡಕ್ಕೆ ಬಂದದ್ದು 1917ರಲ್ಲಿ ಆರಂಭವಾಗಿದ್ದ ಕರ್ನಾಟಕ ಕಾಲೇಜು. ಉತ್ತರ ಕರ್ನಾಟಕದ ಎಷ್ಟೋ ತಲೆಮಾರುಗಳು ಪದವಿ ಓದಿದ ಆ ಕಲ್ಲಿನ ಕಟ್ಟಡ ಮೂಲತಃ ರೈಲ್ವೆಯ ಆಫೀಸು. ಹುಬ್ಬಳ್ಳಿಯಲ್ಲಿ ಹಳಿ ಬಂದ ಕಾಲಕ್ಕೇ ರೈಲ್ವೆ ವರ್ಕ್‌ಶಾಪ್ ಬಂತು. ಗಾಡಿ ರಿಪೇರಿ ಮಾಡುವವರ ಓಣಿಗಳು, ಚಾಳುಗಳು ಬೆಳೆದವು. ಹತ್ತಿಯ ವ್ಯಾಪಾರದ ಜೊತೆಗೆ ಹುಬ್ಬಳ್ಳಿಯನ್ನು ದೊಡ್ಡ ಊರು ಮಾಡಿದ್ದು ಈ ರೈಲೇ.

ಆ ಹಳಿಗಳ ಮೇಲೆ ನಡೆದ ದಿನನಿತ್ಯದ ಓಡಾಟಗಳಲ್ಲಿ ಒಂದು ನಮ್ಮ ಸಂಗೀತದ ಚರಿತ್ರೆಯನ್ನೇ ಸೇರಿದೆ. ಗಂಗೂಬಾಯಿ ಹಾನಗಲ್ ಅವರ ಮನೆ ಇದ್ದದ್ದು ಹುಬ್ಬಳ್ಳಿಯಲ್ಲಿ, ಗುರು ಸವಾಯಿ ಗಂಧರ್ವರು ಇದ್ದದ್ದು ಕುಂದಗೋಳದಲ್ಲಿ. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು, ರಾತ್ರಿಯ ಗಾಡಿಗೆ ಮರಳುತ್ತಿದ್ದರು. ಗುರುವಿನ ಮನೆಯಲ್ಲೇ ಇದ್ದು ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿ ಅವರನ್ನು ಸ್ಟೇಶನ್ ತನಕ ಕಳಿಸಿ ಬರುತ್ತಿದ್ದರೆಂಬುದನ್ನು ಸಂಗೀತಪ್ರಿಯರು ಇಂದಿಗೂ ನೆನೆಯುತ್ತಾರೆ. ಆಗ ಗಂಗೂಬಾಯಿಯವರಿಗೆ ಸಂಸಾರವಿತ್ತು, ಮಕ್ಕಳಿದ್ದರು, ಮನೆ ನಡೆಸುವ ಭಾರವೂ ಅವರದೇ ಆಗಿತ್ತು. ಗುರುಕುಲದಲ್ಲಿ ವರ್ಷಗಟ್ಟಲೆ ಉಳಿದು ಕಲಿಯುವುದು ಅವರಿಂದ ಆಗುವ ಮಾತಾಗಿರಲಿಲ್ಲ. ಹೋಗಿ, ಕಲಿತು, ಮಕ್ಕಳು ಕಾಯುವ ಮನೆಗೆ ಅದೇ ರಾತ್ರಿ ಬರುವುದಕ್ಕೆ ಆ ರೈಲು ಇತ್ತು. ಕಿರಾಣಾ ಘರಾಣೆಯ ಅಂಥ ಕಂಠವೊಂದು ನಮಗೆ ದಕ್ಕಿದ್ದರಲ್ಲಿ ಒಂದು ಪ್ಯಾಸೆಂಜರ್ ಗಾಡಿಯ ವೇಳೆಗೂ ಪಾಲಿದೆ ಎಂದು ನಾನು ನಂಬುತ್ತೇನೆ. ಎಷ್ಟು ಜನ ಹೆಣ್ಣುಮಕ್ಕಳಿಗೆ ವಿದ್ಯೆ ಇದ್ದ ಊರು ಇಪ್ಪತ್ತು ಕಿಲೋಮೀಟರ್ ದೂರದಲ್ಲೇ ಇದ್ದು, ಮರಳಿ ಬರುವ ಗಾಡಿ ಇಲ್ಲದೆ ಕಲಿಕೆ ತಪ್ಪಿಹೋಯಿತೋ, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ರಾಜ್ಯದ ಇನ್ನೊಂದು ಮೂಲೆಯಲ್ಲಿ ಇದೇ ಸಂಗತಿ ಇಡೀ ಊರಿನ ಮಟ್ಟದಲ್ಲಿ ನಡೆಯಿತು. ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಬಹುಮಟ್ಟಿಗೆ ಗಣಿಯನ್ನೇ ನೆಚ್ಚಿ ಬೆಳೆದ ಊರು ಕೆಜಿಎಫ್. ಸಾಮಾನ್ಯವಾಗಿ ಇಂಥ ಊರುಗಳು ಖಾಲಿಯಾಗುತ್ತವೆ. ಕೆಜಿಎಫ್ ಹಾಗೆ ಖಾಲಿಯಾಗಲಿಲ್ಲ. ಗಣಿಗಾಗಿಯೇ ಹಾಸಿದ್ದ ಬಂಗಾರಪೇಟೆ–ಮಾರಿಕುಪ್ಪಂ ಹಳಿಯ ಮೇಲೆ ಸಾವಿರಾರು ಜನ ನಸುಕಿನಲ್ಲೆದ್ದು ರೈಲು ಹತ್ತಿ, ನೂರು ಕಿಲೋಮೀಟರ್ ಆಚೆಯ ಬೆಂಗಳೂರಿನ ಕಾರ್ಖಾನೆ, ಅಂಗಡಿ, ಆಫೀಸುಗಳಲ್ಲಿ ದುಡಿದು ರಾತ್ರಿ ಮರಳುತ್ತಾರೆ. ಗಣಿಯ ಆಳಕ್ಕೆ ಇಳಿದು ದುಡಿದವರ ಮಕ್ಕಳು ಆ ಓಡಾಟದ ಬಲದಿಂದ ಹುಟ್ಟಿದ ಊರು ಬಿಡದೆ ಉಳಿದರು. ದಿನಕ್ಕೆ ಐದಾರು ತಾಸು ಗಾಡಿಯಲ್ಲೇ ಕಳೆಯುವ ಆ ಬದುಕು ಸುಖದ್ದೇನಲ್ಲ. ನೂಕುನುಗ್ಗಲು, ನಿಂತುಕೊಂಡೇ ಪ್ರಯಾಣ, ಮಕ್ಕಳು ಎದ್ದಿರುವಾಗ ಮನೆಯಲ್ಲಿರದ ತಂದೆ-ತಾಯಿ. ಆದರೂ ಬೆಂಗಳೂರಿನ ಬಾಡಿಗೆಗೆ ಹೆದರಿದವರಿಗೆ ಆ ಹಳಿ ಆಸರೆಯಾಯಿತು.

ನಾಲ್ಕು ಹೂವುಗಳ ಕಾಯುವಿಕೆ

ಬೆಂಗಳೂರಿಗೆ ಸ್ವಂತ ಉಪನಗರ ರೈಲು ಬೇಕೆಂಬ ಕೂಗು 1980ರ ದಶಕದಷ್ಟು ಹಳೆಯದು. ವರದಿಗಳು ಬಂದವು, ಕಪಾಟು ಸೇರಿದವು. ಮೆಟ್ರೊ ಬಂತು. 2016ರಲ್ಲಿ ಜನರೇ ಬೀದಿಗಿಳಿದು "ಚುಕುಬುಕು ಬೇಕು" ಎಂದು ಚಳವಳಿ ಮಾಡಿದರು. 2018ರ ಕೇಂದ್ರ ಬಜೆಟ್‌ನಲ್ಲಿ ಯೋಜನೆಯ ಘೋಷಣೆಯಾಯಿತು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಸಮಿತಿ ಒಪ್ಪಿತು. 148 ಕಿಲೋಮೀಟರ್, ನಾಲ್ಕು ಮಾರ್ಗ, 15,767 ಕೋಟಿ ರೂಪಾಯಿ. ಕೇಂದ್ರ, ರಾಜ್ಯ ಎರಡೂ ಐದನೇ ಒಂದು ಪಾಲು ಹಾಕುವುದು, ಉಳಿದದ್ದು ಸಾಲ. ಕಟ್ಟುವ ಹೊಣೆ ಕೆ-ರೈಡ್ ಸಂಸ್ಥೆಯದು.

ಮಾರ್ಗಗಳಿಗೆ ಹೂವಿನ ಹೆಸರಿಟ್ಟದ್ದು ನನಗೆ ಬಹಳ ಇಷ್ಟ. ಬೆಂಗಳೂರು ನಗರ ನಿಲ್ದಾಣದಿಂದ ಯಲಹಂಕ ಹಾದು ದೇವನಹಳ್ಳಿಗೆ ಹೋಗುವುದು ಸಂಪಿಗೆ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮಲ್ಲಿಗೆ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಪಾರಿಜಾತ. ಹೀಲಲಿಗೆಯಿಂದ ರಾಜಾನುಕುಂಟೆಗೆ ಕನಕ. 2022ರ ಜೂನ್ 20ರಂದು ಪ್ರಧಾನಿ ಅಡಿಗಲ್ಲು ಹಾಕಿ 40 ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟರು. ಆ 40 ತಿಂಗಳು 2025ರ ಅಕ್ಟೋಬರಿಗೆ ತುಂಬಿದವು. ಆ ಹೊತ್ತಿಗೆ ಒಂದು ಮಾರ್ಗವೂ ಓಡಲು ಸಿದ್ಧವಾಗಿರಲಿಲ್ಲ. ಜಾಗ ಸಿಗುವುದು ತಡ, ನಕ್ಷೆಗೆ ಒಪ್ಪಿಗೆ ತಡ, ರಾಜ್ಯ ಮತ್ತು ರೈಲ್ವೆ ನಡುವೆ ಮುಗಿಯದ ಪತ್ರ ವ್ಯವಹಾರ. 2025ರಲ್ಲಿ ಎರಡು ಮಾರ್ಗಗಳ ಕಾಮಗಾರಿ ಹಿಡಿದಿದ್ದ ಗುತ್ತಿಗೆದಾರ ಸಂಸ್ಥೆಯೂ ಹೊರನಡೆಯಿತು.

ಇದರಿಂದ ಹುಬ್ಬಳ್ಳಿ ಕಲಿಯಬೇಕಾದದ್ದು ಇದೆ. ನಗರ ಕಿಕ್ಕಿರಿದ ಮೇಲೆ, ಹಳಿಯ ಎರಡೂ ಬದಿಗೆ ಮನೆ ಮಳಿಗೆ ಎದ್ದು ನಿಂತ ಮೇಲೆ ಹೊಸ ಹಳಿಗೆ ಜಾಗ ಹುಡುಕುವುದು ಬಲು ದುಬಾರಿ. ಹೈದರಾಬಾದ್ ಬೇರೆ ದಾರಿ ಹಿಡಿಯಿತು. 2003ರಲ್ಲಿ ಅಲ್ಲಿ ಶುರುವಾದ ಎಂಎಂಟಿಎಸ್ ಆಗಲೇ ಇದ್ದ ರೈಲ್ವೆ ಹಳಿಗಳ ಮೇಲೆ, ಸ್ಟೇಶನ್ನುಗಳನ್ನು ದುರಸ್ತಿ ಮಾಡಿಕೊಂಡು, ನಿಲುಗಡೆ ಹೆಚ್ಚಿಸಿಕೊಂಡು ಓಡಿತು. ಖರ್ಚನ್ನು ರಾಜ್ಯವೂ ರೈಲ್ವೆಯೂ ಹಂಚಿಕೊಂಡವು. ಅದಕ್ಕೂ ಕೊರತೆಗಳಿವೆ. ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ಲೋಕಲ್ ನಿಲ್ಲಬೇಕಾಗುತ್ತದೆ. ಆದರೂ ಅಡಿಗಲ್ಲಿನ ಮುಂದೆ ವರ್ಷಗಟ್ಟಲೆ ಕಾಯುವುದಕ್ಕಿಂತ ಓಡುವ ಗಾಡಿ ಮೇಲು.

ಹುಬ್ಬಳ್ಳಿಯಲ್ಲಿ ಇರುವ ಹಳಿ

ಹುಬ್ಬಳ್ಳಿ 2003ರ ಏಪ್ರಿಲ್ 1ರಿಂದ ನೈಋತ್ಯ ರೈಲ್ವೆಯ ಕೇಂದ್ರ. ವಲಯದ ಕೇಂದ್ರ ತಮ್ಮ ಊರಿಗೆ ಬೇಕೆಂದು ಈ ಭಾಗದ ಜನ ಹೋರಾಡಿ ಪಡೆದದ್ದು. ಸಿದ್ಧಾರೂಢ ಸ್ವಾಮಿಗಳ ಹೆಸರಿನ ಆ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಅದು ಜಗತ್ತಿನಲ್ಲೇ ಉದ್ದದ್ದೆಂದು ಹೆಸರಾಯಿತು. ಅದೇ ವರ್ಷ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಓಡತೊಡಗಿತು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಕುಂದಗೋಳದ ನರ್ಸಿಂಗ್ ವಿದ್ಯಾರ್ಥಿನಿಗೆ, ಹೆಬಸೂರಿನಿಂದ ತರಕಾರಿ ಗಂಟು ತರುವ ಅಕ್ಕನಿಗೆ ಬೇಕಾದದ್ದು ಬೇರೆ. ಬೆಳಿಗ್ಗೆ ಏಳರಿಂದ ಹತ್ತರ ಒಳಗೆ ಅರ್ಧ ತಾಸಿಗೊಂದು ಗಾಡಿ, ಸಂಜೆ ಐದರಿಂದ ಒಂಬತ್ತರ ತನಕ ಅದೇ ಥರ.

ಹಳಿಯ ಲೆಕ್ಕದಲ್ಲಿ ನೋಡಿದರೆ ಹುಬ್ಬಳ್ಳಿಯ ಅದೃಷ್ಟ ದೊಡ್ಡದು. ಪೂರ್ವಕ್ಕೆ ಕುಸುಗಲ್, ಹೆಬಸೂರು, ಅಣ್ಣಿಗೇರಿ, ಹುಲಕೋಟಿ ದಾಟಿ ಗದಗಕ್ಕೆ ಒಂದು ದಾರಿ. ದಕ್ಷಿಣಕ್ಕೆ ಕುಂದಗೋಳ, ಸಂಶಿ, ಗುಡಗೇರಿ ಹಿಡಿದು ಹಾವೇರಿಗೆ ಇನ್ನೊಂದು. ಪಶ್ಚಿಮಕ್ಕೆ ಉಣಕಲ್, ಅಮರಗೋಳ, ನವಲೂರು, ಧಾರವಾಡ, ಅಲ್ಲಿಂದ ಮುಂದೆ ಮುಗದ, ಕಂಬಾರಗಣವಿ, ಅಳ್ನಾವರ. ಅಳ್ನಾವರದಿಂದ ದಾಂಡೇಲಿಯ ಕಡೆಗೆ ಅಂಬೇವಾಡಿಯ ಕವಲು. ಬಹಳ ವರ್ಷ ಪ್ರಯಾಣಿಕರ ಗಾಡಿಯಿಲ್ಲದೆ ಬಿದ್ದಿದ್ದ ಆ ಕವಲಿನಲ್ಲಿ 2019ರಲ್ಲಿ ಮತ್ತೆ ರೈಲು ಓಡಿತು. ಈ ಮೂರು ದಿಕ್ಕಿನ ಹಳಿಗಳು ಬಹುತೇಕ ಜೋಡಿಯಾಗಿವೆ, ವಿದ್ಯುತ್ ತಂತಿಯೂ ಬಂದಿದೆ. ಗದಗದಿಂದ ಅಳ್ನಾವರದ ತನಕ ಒಂದು ಸಾಲು, ಹಾವೇರಿಯಿಂದ ಧಾರವಾಡದ ತನಕ ಇನ್ನೊಂದು ಸಾಲು ಹಾಕಿಕೊಂಡು ಮೆಮು ಓಡಿಸಿದರೆ ಎರಡೂ ಕೂಡುವ ಹುಬ್ಬಳ್ಳಿ–ಧಾರವಾಡದ ನಡುವೆ ಗಾಡಿಗಳ ಸಂಖ್ಯೆ ತಾನಾಗಿ ಇಮ್ಮಡಿಯಾಗುತ್ತದೆ. ಇದಕ್ಕೆ ಹೊಸ ಹಳಿಗಿಂತ ಹೆಚ್ಚಾಗಿ ಹೊಸ ಗಾಡಿ, ಸಿಗ್ನಲ್, ಮತ್ತು ವೇಳಾಪಟ್ಟಿಯಲ್ಲಿ ಗೌರವದ ಜಾಗ ಬೇಕು.

ಆ ಜಾಗ ಸಿಗುವುದೇ ಕಷ್ಟ. ಇವುಗಳಲ್ಲಿ ಗದಗ–ಅಳ್ನಾವರ ಮಾರ್ಗ ಗೋವೆಯ ಬಂದರಿನಿಂದ ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಸಾಗಿಸುವ ದಾರಿ. ರೈಲ್ವೆಗೆ ದುಡ್ಡು ತರುವುದು ಸರಕು. ಲೋಕಲ್ ಗಾಡಿಯ ಟಿಕೆಟ್ಟಿನಿಂದ ಅದನ್ನು ಓಡಿಸುವ ಖರ್ಚೂ ಹುಟ್ಟುವುದಿಲ್ಲ. ತಿಂಗಳ ಪಾಸ್ ಮಾಡಿಸಿದವರಂತೂ ಬಿಡಿ ಟಿಕೆಟ್ಟಿನ ಲೆಕ್ಕದಲ್ಲಿ ಬಹಳ ಕಡಿಮೆ ಕೊಟ್ಟು ಓಡಾಡುತ್ತಾರೆ. ಹಾಗಾಗಿ ರೈಲ್ವೆಯ ಲೆಕ್ಕದ ಪುಸ್ತಕದಲ್ಲಿ ಪ್ಯಾಸೆಂಜರ್ ಗಾಡಿ ಯಾವಾಗಲೂ ಹಿಂದಿನ ಸಾಲಿನಲ್ಲಿ ನಿಲ್ಲುತ್ತದೆ. ಕ್ರಾಸಿಂಗಿಗೆಂದು ಅದನ್ನೇ ಮೊದಲು ನಿಲ್ಲಿಸುತ್ತಾರೆ. ಹತ್ತು ನಿಮಿಷ ತಡವಾದರೆ ಎಕ್ಸ್‌ಪ್ರೆಸ್ ಪ್ರಯಾಣಿಕನಿಗೆ ದೊಡ್ಡ ನಷ್ಟವಿಲ್ಲ. ಹಾಜರಿ ಪುಸ್ತಕದ ಮುಂದೆ ನಿಲ್ಲುವ ಕೆಲಸಗಾರ್ತಿಗೆ ಅದು ಅರ್ಧ ದಿನದ ಪಗಾರ. ಈ ನಷ್ಟ ತುಂಬಿಕೊಡುವ ಹೊಣೆ ರಾಜ್ಯ ಸರ್ಕಾರ ಹೊರಬೇಕು, ಆಗಷ್ಟೇ ವೇಳಾಪಟ್ಟಿಯಲ್ಲಿ ಕೇಳುವ ಹಕ್ಕು ಬರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳ ಬಸ್ ಪ್ರಯಾಣದ ಖರ್ಚನ್ನು ರಾಜ್ಯವೇ ಭರಿಸುತ್ತಿದೆ. ಅದೇ ಮನಸ್ಸಿನಿಂದ ಹೆಣ್ಣುಮಕ್ಕಳ ರೈಲು ಪಾಸನ್ನೂ ಭರಿಸಿದರೆ ತುಂಬಿ ತುಳುಕುವ ಬಸ್ಸುಗಳ ಭಾರವೂ ಇಳಿಯುತ್ತದೆ.

ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ ಇದೆಯಲ್ಲ ಎಂದು ಕೇಳುವವರಿದ್ದಾರೆ. 2018ರ ಅಕ್ಟೋಬರಿನಲ್ಲಿ ರಸ್ತೆಗಿಳಿದ ಈ ಬಿಆರ್‌ಟಿಎಸ್ ಒಳ್ಳೆಯ ಕೆಲಸವನ್ನೇ ಮಾಡಿದೆ. ರಸ್ತೆಯ ನಡುವೆ ತನ್ನದೇ ಪಥ, ಬಸ್ಸಿನ ನೆಲಕ್ಕೆ ಸಮವಾದ ನಿಲ್ದಾಣ, ನಿಲ್ಲದೆ ಹೋಗುವ ಗಾಡಿ ಬೇರೆ, ಎಲ್ಲ ಕಡೆ ನಿಲ್ಲುವ ಗಾಡಿ ಬೇರೆ. ಅವಳಿ ನಗರದ ಒಳಗಿನವರಿಗೆ ಅದರಿಂದ ಅನುಕೂಲವಾಗಿದೆ. ಮಳೆಗಾಲದಲ್ಲಿ ಧಾರವಾಡದ ಟೋಲ್ ನಾಕಾ ಬಳಿ ನೀರು ನಿಲ್ಲುವಂಥ ತೊಂದರೆಗಳು ಬೇರೆ ಮಾತು. ಆದರೆ ಬಿಆರ್‌ಟಿಎಸ್ ಎರಡು ಊರಿನ ನಡುವಿನ ಇಪ್ಪತ್ತೆರಡು ಕಿಲೋಮೀಟರಿಗೆ ಮುಗಿಯುತ್ತದೆ. ಅಣ್ಣಿಗೇರಿಯ ಹುಡುಗ ಧಾರವಾಡದ ಕಾಲೇಜಿಗೆ ಬರಬೇಕೆಂದರೆ, ಗುಡಗೇರಿಯ ಮುದುಕಿ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೆ ಬರಬೇಕೆಂದರೆ ಅದು ನೆರವಾಗುವುದು ಕೊನೆಯ ತುಣುಕಿಗಷ್ಟೇ. ಬಿಆರ್‌ಟಿಎಸ್ ರಸ್ತೆಯ ಆಚೀಚೆಯಲ್ಲೇ ಹಳಿಯೂ ಸಾಗುತ್ತದೆ. ಉಣಕಲ್, ಅಮರಗೋಳ, ನವಲೂರು ಸ್ಟೇಶನ್ನುಗಳು ನಗರ ಬೆಳೆದು ಇಂದು ಮನೆಗಳ ನಡುವೆ ಬಂದಿವೆ. ಅಮರಗೋಳದ ಎಪಿಎಂಸಿಗೆ ದಿನವೂ ಸುತ್ತಲಿನ ಹಳ್ಳಿಗಳ ಮಾಲು ಬರುತ್ತದೆ, ಹಮಾಲರು ಬರುತ್ತಾರೆ. ಇಷ್ಟಿದ್ದರೂ ಈ ಸಣ್ಣ ಸ್ಟೇಶನ್ನುಗಳಲ್ಲಿ ದೊಡ್ಡ ಗಾಡಿಗಳು ನಿಲ್ಲದೆ ಸಾಗುತ್ತವೆ. ಬೆಂಗಳೂರು ಸಾವಿರಾರು ಕೋಟಿ ಸುರಿದು ಹುಡುಕುತ್ತಿರುವ ಜಾಗ ಹುಬ್ಬಳ್ಳಿಯಲ್ಲಿ ಪ್ಲಾಟ್‌ಫಾರ್ಮ್ ಸಮೇತ ಸಿದ್ಧವಿದೆ.

ಬಮ್ಮಿಗಟ್ಟಿಯ ಪಾಲು

ಹಾಗಾದರೆ ಹಳಿ ಇಲ್ಲದ ಕಲಘಟಗಿ ಸೀಮೆಗೆ ಇದರಲ್ಲಿ ಏನಿದೆ? ಇಲ್ಲಿ ಯಾರನ್ನು ಕೇಳಿದರೂ ಮೊದಲು ಬರುವ ಹೆಸರು ಹುಬ್ಬಳ್ಳಿ–ಅಂಕೋಲಾ ಮಾರ್ಗ. 1990ರ ದಶಕದ ಕೊನೆಯಲ್ಲಿ ಮಂಜೂರಾದ, ಕಲಘಟಗಿ, ಯಲ್ಲಾಪುರ ಹಾದು ಕಡಲಿಗೆ ಇಳಿಯುವ ಸುಮಾರು 164 ಕಿಲೋಮೀಟರಿನ ಹಳಿ ಅದು. ಹುಬ್ಬಳ್ಳಿಯಿಂದ ಕಿರವತ್ತಿಯ ತನಕದ 47 ಕಿಲೋಮೀಟರ್ ಭಾಗವನ್ನು ಮೊದಲು ಕೈಗೆತ್ತಿಕೊಂಡಿದ್ದರು. ಆಮೇಲೆ ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆ ಎದ್ದು ಎಲ್ಲ ನಿಂತಿತು. ಸುಮಾರು 595 ಹೆಕ್ಟೇರ್ ಅರಣ್ಯ, ಎರಡು ಲಕ್ಷಕ್ಕೂ ಹೆಚ್ಚು ಮರ ಹೋಗುವ ಯೋಜನೆಗೆ 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು, ಕೆಲವೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ತಡೆಹಿಡಿಯಿತು. ಅಂದಿನಿಂದ ಸಮಿತಿ, ಪರಿಶೀಲನೆ, ಹೊಸ ಅಂದಾಜು ನಡೆಯುತ್ತಲೇ ಇವೆ.

ಈ ಜಗಳದಲ್ಲಿ ನಾನು ಕಾಡಿನ ಪರ. ಘಟ್ಟದ ಆ ಮರಗಳಿಂದಲೇ ಬೇಡ್ತಿ ಹೊಳೆಗೆ ನೀರು, ನಮ್ಮ ಭತ್ತದ ಗದ್ದೆಗೆ ಮಳೆ. ಆದರೆ ದಟ್ಟ ಕಾಡಿನ ಪ್ರಶ್ನೆ ಮುಖ್ಯವಾಗಿ ಏಳುವುದು ಯಲ್ಲಾಪುರದಿಂದ ಕೆಳಗೆ ಘಟ್ಟ ಇಳಿಯುವಲ್ಲಿ. ಹುಬ್ಬಳ್ಳಿಯಿಂದ ಕಲಘಟಗಿಯ ತನಕದ ಮೂವತ್ತು ಕಿಲೋಮೀಟರ್ ಆಸುಪಾಸಿನ ದಾರಿ ಹೆಚ್ಚಾಗಿ ಹೊಲ ಗದ್ದೆಗಳ ಬಯಲು. ಬಂದರಿಗೆ ಅದಿರು ಸಾಗಿಸುವ ದೊಡ್ಡ ಕನಸಿಗೆ ಕಟ್ಟಿಹಾಕಿದ್ದರಿಂದ ಈ ಸಣ್ಣ ಅನುಕೂಲವೂ ಕಾಲು ಶತಮಾನದಿಂದ ನಿಂತುಬಿಟ್ಟಿದೆ. ಅದನ್ನು ಬಂದರಿನ ಯೋಜನೆಯಿಂದ ಬಿಡಿಸಿ, ಹುಬ್ಬಳ್ಳಿಯ ಉಪನಗರ ಕವಲು ಎಂದು ಬೇರೆಯಾಗಿ ನೋಡಬೇಕು ಎಂಬುದು ನನ್ನ ವಾದ. ಕಲಘಟಗಿಯ ತನಕ ಮೆಮು ಬಂದರೆ ಸಾಕು, ಒಂದು ಮರವೂ ಘಟ್ಟದಲ್ಲಿ ಬೀಳಬೇಕಾಗಿಲ್ಲ. ಆ ಕವಲನ್ನು ತುಂಬುವಷ್ಟು ಜನ ಇದ್ದಾರೆಯೇ ಎಂಬುದನ್ನು ಎಣಿಸಿಯೇ ತೀರ್ಮಾನಿಸಲಿ. ಸಾಲದು ಎಂದಾದರೆ ಅದನ್ನೂ ಒಪ್ಪಬೇಕು.

ಹಳಿ ಬರಲಿ ಬಿಡಲಿ, ಹಳ್ಳಿಯಿಂದ ರೈಲಿಗೆ ಮುಟ್ಟಿಸುವ ಬಸ್ ಮಾತ್ರ ಇಂದೇ ಆಗುವ ಕೆಲಸ. ಬಮ್ಮಿಗಟ್ಟಿಯ ನಸುಕಿನ ಗಾಡಿ ಧಾರವಾಡ ರೈಲು ನಿಲ್ದಾಣದ ಬಾಗಿಲಿಗೇ ಹೋಗಿ ನಿಲ್ಲುವುದು, ಸಂಜೆಯ ಕೊನೆಯ ಬಸ್ ರೈಲು ಬಂದು ಜನ ಇಳಿದ ಮೇಲೆಯೇ ಹೊರಡುವುದು, ಒಂದೇ ಪಾಸ್ ಎರಡಕ್ಕೂ ನಡೆಯುವುದು. ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಅಲ್ಲೇ ಇದೆ. ಈ ಎರಡು ಕಚೇರಿಗಳವರು ಒಂದು ಮೇಜಿನ ಸುತ್ತ ಕುಳಿತು ತಮ್ಮ ತಮ್ಮ ವೇಳಾಪಟ್ಟಿ ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ದಿಲ್ಲಿಯ ಅನುಮತಿ ಬೇಕಿಲ್ಲ. ಗದಗ, ಹಾವೇರಿ, ಅಳ್ನಾವರ ದಿಕ್ಕಿನ ಈಗಿರುವ ಪ್ಯಾಸೆಂಜರ್ ಗಾಡಿಗಳಲ್ಲಿ ಯಾವುದು ಕಚೇರಿ, ಕಾಲೇಜು, ಎಪಿಎಂಸಿಯ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ, ಯಾವುದು ಅರ್ಧ ತಾಸು ಸರಿದರೆ ಇನ್ನೂರು ಜನಕ್ಕೆ ಉಪಯೋಗವಾಗುತ್ತದೆ ಎಂಬುದನ್ನು ಪಾಸ್‌ದಾರರನ್ನು ಕರೆದು ಕೇಳಿದರೆ ಅವರೇ ಬರೆದುಕೊಡುತ್ತಾರೆ. ನಮ್ಮ ಶಾಸಕರು, ಸಂಸದರು ಹೊಸ ಎಕ್ಸ್‌ಪ್ರೆಸ್ಸಿಗೆ ಹಸಿರು ನಿಶಾನೆ ತೋರಿಸುವ ಹುರುಪಿನಲ್ಲಿ ಅರ್ಧವನ್ನು ಸಂಜೆ ಏಳರ ಕುಂದಗೋಳ ಗಾಡಿಗೆ, ಎಂಟರ ಅಣ್ಣಿಗೇರಿ ಗಾಡಿಗೆ, ಅದರ ಜೊತೆಗೆ ಕಲಘಟಗಿ ಕಡೆ ಹೊರಡುವ ಬಸ್ಸಿಗೆ ಇಟ್ಟರೆ, ಬರುವ ಜೂನ್‌ನಲ್ಲಿ ಕಾಲೇಜು ಶುರುವಾಗುವ ಹೊತ್ತಿಗೇ ಅದನ್ನು ಮಾಡಿ ತೋರಿಸಬಹುದು.